ಹೆಪ್ಪು

ಸೆಯ್ಫೆತ್ತಿನ್ ಮಾಡುತ್ತಿದ್ದದ್ದು
ಹೊಸ ಬಟ್ಟೆಯನ್ನು ಹಳತು ಮಾಡುವ ಕೆಲಸ.
ಇಸ್ತಾಂಬುಲ್ಲಿನ ಒಂದು ನೆಲಮಾಳಿಗೆ, ಕಿಟಕಿಗೆ ರಟ್ಟು,
ಕೈಯಲ್ಲಿ ರಬ್ಬರ್ ಕೊಳವೆ, ಕೊಳವೆಯ ಬಾಯಲ್ಲಿ ಮರಳು.
ತೊಡೆ ಮಾಸಬೇಕು, ಮಂಡಿ ಸವೆಯಬೇಕು,
ಯಾರೋ ಹತ್ತು ವರ್ಷ ತೊಟ್ಟು ಬಿಟ್ಟಂತೆ ಕಾಣಬೇಕು ಜೀನ್ಸು
ದೂರದ ಅಂಗಡಿಯಲ್ಲಿ, ಮೊದಲ ದಿನವೇ.

ಹದಿನೇಳರ ಹುಡುಗ. ಮೂಗಿಗೊಂದು ಕರವಸ್ತ್ರ.
ರಾತ್ರಿ ಅಲ್ಲೇ ಬಟ್ಟೆರಾಶಿಯ ಮೇಲೆ ನಿದ್ದೆ.
ಮರಳು ಮಾತ್ರ ನಿದ್ದೆ ಮಾಡಲಿಲ್ಲ.

ಈಗ ನಲವತ್ತೊಂದು. ಮೆಟ್ಟಿಲು ಎಣಿಸಿ ಹತ್ತುತ್ತಾನೆ:
ನಾಲ್ಕು, ನಿಲ್ಲು. ನಾಲ್ಕು, ನಿಲ್ಲು.
ಬೆಟ್ಟದೂರಿನಿಂದ ಜೊತೆಗೆ ಬಸ್ಸು ಹತ್ತಿದ ಹನ್ನೊಂದು ಮಂದಿಯಲ್ಲಿ
ಏಳು ಮಂದಿಯನ್ನು ಹೇಳುವಾಗ
'ಇದ್ದ' ಎನ್ನುತ್ತಾನೆ.

ಡಾಕ್ಟರ್ ಪೆರಿಹಾನ್ ಅವನ ಶ್ವಾಸನಾಳದ ಕವಲಿಗೆ
ಬೆಂಕಿಕಡ್ಡಿಗಿಂತ ಸಣ್ಣದೊಂದು ಕುಂಚ ಇಳಿಸಿ
ಎರಡು ಸಲ ಸವರಿ ತೆಗೆದು
ಗುಲಾಬಿ ನೀರಿನ ಶೀಶೆಯಲ್ಲಿ ಅದ್ದಿ ನನಗೆ ಕೊಟ್ಟರು.
ನಾನು ಪ್ರಯೋಗಾಲಯದವಳು, ರಾತ್ರಿ ಪಾಳಿ.

ಒಳಗೋಡೆಯ ಬುಡದಲ್ಲಿ, ಎಲ್ಲಕ್ಕೂ ಕೆಳಗೆ,
ಏನೂ ಮಾಡದೆ ಕೂತಿರುವಂಥವು ಇವು.
ರೋಮದ ಕೋಶ ಹಗಲಿರುಳು ಗುಡಿಸುತ್ತದೆ,
ಲೋಳೆಯದು ಲೋಳೆ ಸುರಿಸುತ್ತದೆ,
ಇವಕ್ಕೆ ಉದ್ಯೋಗವಿಲ್ಲ; ಹೆಸರುಂಟು, ಕಾಂಡಕೋಶ.
ಗಾಯವಾದರೆ ಏಳುತ್ತವೆ.
ಒಂದು ಎರಡಾಗುತ್ತದೆ.
ಎರಡರಲ್ಲೊಂದು ರೋಮವಾಗಲು ಹೊರಟರೆ
ಇನ್ನೊಂದು ಮತ್ತೆ ತಾನೇ ಆಗಿ ಉಳಿಯುತ್ತದೆ.
ಈ ಉಳಿಯುವುದೇ ನನಗೆ ಇಷ್ಟು ವರ್ಷವಾದರೂ ಹಿಡಿಯದ್ದು.
ಹೊರಟುಹೋಗುವುದು ಯಾರಿಗೂ ಬರುತ್ತದೆ.

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ಜೆಲಿಹಾ.
ಏನೇನೋ ವಿವರಿಸಿದೆ, ಕಾಗದದಲ್ಲಿ ಚಿತ್ರ ಬರೆದೆ.
ಮರ್ಯಾದೆಗೆ ತಲೆಯಾಡಿಸಿದಳು. ಆಮೇಲೆ ತಾನೇ ಕೇಳಿದಳು:
"ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆಯೋ?"
ಮದುವೆಯಾಗಿ ಬರುವಾಗ ಅತ್ತೆ ಕೊಟ್ಟ ಒಂದು ಚಮಚ,
ಬಸ್ಸಿನಲ್ಲಿ ಇಡೀ ರಾತ್ರಿ ಮಡಿಲಲ್ಲಿ.
ಅದೇ ಮೊಸರು ಇನ್ನೂ ಮನೆಯಲ್ಲಿ ಹುಟ್ಟುತ್ತಿದೆ.
"ಎಷ್ಟು ಉಂಡರೂ ತಳದ ಚಮಚ ಮುಟ್ಟಬಾರದು.
ಒಮ್ಮೆ ಇವನೇ ಹಸಿದು ಬಂದು ಬಳಿದು ತಿಂದಿದ್ದ.
ನೆರೆಮನೆಗೆ ಕೊಟ್ಟಿದ್ದೆ, ಉಳಿಯಿತು."

ಹಾಗಾದರೆ ನಾನು ಆ ನೆರೆಮನೆ.
ಬೆಚ್ಚಗಿನ ಪೆಟ್ಟಿಗೆ, ಮೂವತ್ತೇಳು ಡಿಗ್ರಿ,
ಮೂರನೆಯ ದಿನ ಬಾಗಿಲು ತೆರೆದು ನೋಡಿದೆ, ಏನಿಲ್ಲ.
ಏಳನೆಯ ದಿನ ತಟ್ಟೆಯ ಅಂಚಿನಲ್ಲಿ
ಕಲ್ಲುಹಾಸಿನ ಹಾಗೆ ಒತ್ತೊತ್ತಾಗಿ ಒಂದು ಗುಂಪು.
ಯಾರಿಗೂ ಫೋನ್ ಮಾಡುವ ಹೊತ್ತಲ್ಲ. ಎದುರು ಸೂರಿನ ಕಡಲಹಕ್ಕಿಗೆ
ಸಿಮಿಟ್ ರೊಟ್ಟಿಯ ತುಂಡೆಸೆದೆ.

ಮಾತು ಕೊಡಬೇಡ, ಎಂದಿದ್ದರು ಪೆರಿಹಾನ್.
ಗೋಡೆಗೆ ಮತ್ತೆ ಗಾರೆ ಬಂದೀತು,
ಒಳಹೊಕ್ಕ ಮರಳು ಮರಳುವುದಿಲ್ಲ.
ಕಲ್ಲು ನುಂಗಲು ಹೋದ ಕಾವಲುಕೋಶಗಳು
ನುಂಗಿ ಒಡೆಯುತ್ತವೆ, ಒಡೆದ ಮೇಲೆ ಇನ್ನೊಂದು ಬರುತ್ತದೆ.
ಹೊಸದು ಕೂರುವುದು ಅಂಥ ಜಾಗದಲ್ಲಿ.

ಅವನದನ್ನು ಅವನಿಗೇ ಹಿಂತಿರುಗಿಸಿದ ಬೆಳಿಗ್ಗೆ
ಮಂಚದಲ್ಲಿ ಮಲಗಿದವನ ಕಣ್ಣು
ನನ್ನ ಬಿಳಿ ಕೋಟಿನ ಕೆಳಗೆ, ಮಂಡಿಯ ಮೇಲೆ.
ನೀಲಿಯಲ್ಲಿ ಬಿಳಿಚಿಕೊಂಡ ಅಂಗೈಯಗಲ.
ಕಾಲು ಎಲ್ಲಿ ಬಚ್ಚಿಡಲಿ?
"ಇದು ಕೈಯಲ್ಲಿ ಉಜ್ಜಿದ್ದು," ಎಂದ,
ಎರಡು ಉಸಿರಿನ ನಡುವೆ. "ಮರಳಿನದಲ್ಲ."
ನಿಜವೋ, ನನ್ನ ಸಮಾಧಾನಕ್ಕೋ, ಕೇಳಲಿಲ್ಲ.

ಮೂರು ತಿಂಗಳಿಗೆ, ಆರು ನಿಮಿಷದ ನಡಿಗೆ.
ಮೊದಲು ಮುನ್ನೂರ ಹನ್ನೆರಡು ಮೀಟರ್.
ಈಗ ಮುನ್ನೂರ ಇಪ್ಪತ್ತೊಂಬತ್ತು.
ಹದಿನೇಳು. ಅಳತೆಯ ತಪ್ಪೂ ಇದ್ದೀತು, ಎಂದು ಬರೆದುಕೊಂಡರು ಪೆರಿಹಾನ್.
ಗೋಡೆಗೆ ಒರಗಿ, ಬೆರಳಿಗೆ ಕ್ಲಿಪ್ಪು ಸಿಕ್ಕಿಸಿಕೊಂಡೇ ಅವನೆಂದ:
"ಆ ನೆಲಮಾಳಿಗೆ ಇಷ್ಟೇ ಉದ್ದ ಇತ್ತು.
ಬಾಗಿಲು ಆ ತುದಿಗೆ."

ಶೀತಪೆಟ್ಟಿಗೆಯ ತಳದಲ್ಲಿ ಅವನ ಹೆಸರಿನ
ಒಂದು ಶೀಶೆ ಉಳಿಸಿದ್ದೇನೆ.
ಮುಟ್ಟಿಲ್ಲ.